ಬಿದ್ದವನೇ ಗೆಲ್ಲುವ ಫೈಟಿಂಗು! ಎದೆ ಮೇಲೆ ಕೂತ ವಿಲನ್ ಕೆಳಗಿಂದ ಪಾರಾಗೋದು ಹೇಗೆ?

ರಾತ್ರಿ ಹೊತ್ತು. ಮನೆ ಮುಂದಿನ ಹುಲ್ಲುಹಾಸು. ಒಡೆದ ಕೊಳಾಯಿಯಿಂದ ಮಳೆಯ ಹಾಗೆ ಸುರಿಯುತ್ತಿರುವ ನೀರು. ಅದರಡಿ ಕೆಸರಲ್ಲಿ ಹೊರಳಾಡುತ್ತಿರುವ ಇಬ್ಬರು ಗಂಡಸರು. ಸುತ್ತ ಪೊಲೀಸರು ನಿಂತಿದ್ದಾರೆ, ಆದರೆ ಒಬ್ಬರೂ ಕೈ ಹಾಕುವುದಿಲ್ಲ!

1987ರಲ್ಲಿ ತೆರೆಕಂಡ ‘ಲೀಥಲ್ ವೆಪನ್’ ಚಿತ್ರದ ಕ್ಲೈಮ್ಯಾಕ್ಸ್ ಇದು. ಹೀರೋ ಮೆಲ್ ಗಿಬ್ಸನ್, ವಿಲನ್ ಗ್ಯಾರಿ ಬ್ಯೂಸಿ, ನಿರ್ದೇಶಕ ರಿಚರ್ಡ್ ಡಾನರ್. ನಮಗೆಲ್ಲ ಗೊತ್ತಿರುವ ಪದ್ಧತಿ ಪ್ರಕಾರ ಕೊನೇ ಗುದ್ದಿಗೆ ವಿಲನ್ ಮಾರುದೂರ ಹಾರಿ ಬೀಳಬೇಕು, ಗಾಂಧಿ ಕ್ಲಾಸಿನಿಂದ ಸಿಳ್ಳೆ ಏಳಬೇಕು. ಇಲ್ಲಿ ಅದೇನೂ ಆಗೋದಿಲ್ಲ. ಹೀರೋ ನೆಲದ ಮೇಲಿದ್ದಾನೆ. ಅಲ್ಲಿಂದಲೇ ತನ್ನ ಎರಡು ಕಾಲಿನ ನಡುವೆ ವಿಲನ್ ಕತ್ತನ್ನು ಇಕ್ಕಳದಲ್ಲಿ ಹಿಡಿದ ಹಾಗೆ ಹಿಡಿದುಬಿಡುತ್ತಾನೆ. ಎದುರಾಳಿ ಒದ್ದಾಡುತ್ತಾನೆ, ನಿಧಾನಕ್ಕೆ ಸಡಿಲವಾಗುತ್ತಾನೆ. ಅಷ್ಟೇ, ಫೈಟಿಂಗ್ ಮುಗಿಯಿತು!

ಈ ಪಟ್ಟಿನ ಹೆಸರು ಟ್ರಯಾಂಗಲ್. ಅಂದರೆ ತ್ರಿಕೋನ. ಗಿಬ್ಸನ್‌ಗೆ ಇದನ್ನು ಕಲಿಸಿಕೊಟ್ಟವರು ಬ್ರೆಜಿಲ್‌ನ ರೋರಿಯನ್ ಗ್ರೇಸಿ. 1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದಾಗ ಈ ಮನುಷ್ಯನ ಕೈಲಿ ಕಾಸಿರಲಿಲ್ಲ. ಮನೆಗಳನ್ನು ಗುಡಿಸಿದರು, ಸಿನಿಮಾ-ಟಿವಿಗಳಲ್ಲಿ ಎಕ್ಸ್‌ಟ್ರಾ ಆಗಿ ನಿಂತರು. ಸೆಟ್ಟಿನಲ್ಲಿ ಪರಿಚಯವಾದವರನ್ನು ತಮ್ಮ ಮನೆಯ ಕಾರ್ ಗ್ಯಾರೇಜಿಗೆ ಕರೆದು, ಅಲ್ಲಿ ಹಾಸಿದ ಮ್ಯಾಟಿನ ಮೇಲೆ ಮನೆತನದ ವಿದ್ಯೆ ಹೇಳಿಕೊಟ್ಟರು. ಅದೇ ಜಿಯು-ಜಿಟ್ಸು. ‘ಕೋನನ್ ದಿ ಬಾರ್ಬೇರಿಯನ್’ ಚಿತ್ರದ ನಿರ್ದೇಶಕ ಜಾನ್ ಮಿಲಿಯಸ್ ಕೂಡ ಅವರ ಶಿಷ್ಯರಾದರು ಅಂದ್ರೆ ಆ ಗ್ಯಾರೇಜಿನ ಮಹಿಮೆ ಎಂಥದ್ದಿರಬೇಕು, ನೀವೇ ಊಹಿಸಿ!

ಈಗ ವಿಷಯಕ್ಕೆ ಬರೋಣ. ನಮ್ಮ ಗರಡಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೋ, ಚಿತ್! ಆಟ ಮುಗಿಯಿತು, ಗೆದ್ದವನ ಕೊರಳಿಗೆ ಹಾರ. ಗರಡಿಯಿಂದಲೇ ತೆರೆಗೆ ಬಂದ ಎಂ.ಪಿ. ಶಂಕರ್ ಅವರನ್ನು ಕಂಡ ಕನ್ನಡ ಪ್ರೇಕ್ಷಕನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಿಯು-ಜಿಟ್ಸುವಿನಲ್ಲಿ ಮಾತ್ರ ಚಿತ್ ಆದ ಮೇಲೇ ನಿಜವಾದ ಆಟ ಶುರು. ಬೆನ್ನು ನೆಲಕ್ಕೆ ಬಿದ್ದವನು ಸೋತವನಲ್ಲ. ಸೋಲೋದು ಯಾವಾಗ? ತಾನೇ ಕೈತಟ್ಟಿ ‘ಸಾಕು’ ಎಂದಾಗ, ಇಲ್ಲವೇ ಎಚ್ಚರ ತಪ್ಪಿದಾಗ.

ಇದು ಬಂದದ್ದು ಜಪಾನಿನಿಂದ. ಮಿತ್ಸುಯೊ ಮಯೆದಾ ಎಂಬ ಜೂಡೋ ಪಟು 1914ರಲ್ಲಿ ಬ್ರೆಜಿಲ್‌ಗೆ ಬಂದು, ಆಮೇಲೆ ಬೆಲೆಂ ಊರಿನಲ್ಲಿ ನೆಲೆಸಿದ. ಅವನ ಹತ್ತಿರ ಕಲಿತವನು ಕಾರ್ಲೋಸ್ ಗ್ರೇಸಿ. ಕಾರ್ಲೋಸನ ತಮ್ಮ ಹೀಲಿಯೊ, ಅಂದರೆ ನಮ್ಮ ರೋರಿಯನ್ ಅವರ ತಂದೆ, ಹುಟ್ಟಿದ್ದು 1913ರಲ್ಲಿ. ಸಣಕಲು ಆಳು. ಮೈಗೆ ಆಯಾಸ ಮಾಡಿಸಬೇಡಿ ಅಂತ ಡಾಕ್ಟರು ಹೇಳಿದ್ದರಂತೆ, ಹುಡುಗ ಮೂಲೆಯಲ್ಲಿ ಕೂತು ಅಣ್ಣಂದಿರ ಪಾಠ ನೋಡಿಯೇ ಕಲಿತನಂತೆ. ಮನೆತನದವರು ಹೇಳುವ ಕಥೆ, ಸ್ವಲ್ಪ ಉಪ್ಪು-ಖಾರ ಬಿದ್ದಿದ್ದರೂ ಇರಬಹುದು. ಆದರೆ ಒಂದು ಮಾತು ಸತ್ಯ. ಬಲವಿಲ್ಲದವನು ಮೊದಲು ಬೀಳೋದು ಕೆಳಕ್ಕೇ. ಹಾಗಾಗಿ ಈ ವಿದ್ಯೆಯ ಜೀವಾಳವೆಲ್ಲ ಕೆಳಗೆ ಬಿದ್ದವನ ಕಷ್ಟದಲ್ಲೇ ಬೆಳೆಯಿತು.

ಎದೆ ಮೇಲೆ ಕೂತ ಯಮ

ಅತಿ ಕೆಟ್ಟ ಜಾಗಗಳಲ್ಲಿ ಒಂದು ಮೌಂಟ್. ನೀವು ಅಂಗಾತ, ಅವನು ಕುದುರೆ ಏರಿದ ಹಾಗೆ ನಿಮ್ಮ ಹೊಟ್ಟೆ ಮೇಲೆ. ಅವನ ಗುದ್ದಿಗೆ ಭೂಮಿ ತೂಕವೆಲ್ಲ ಜೊತೆಗೂಡುತ್ತೆ, ನಿಮ್ಮ ಗುದ್ದು ಅವನ ಗಲ್ಲಕ್ಕೆ ಎಟುಕೋದೇ ಇಲ್ಲ. ಉಸಿರು ಮೇಲೆ ಮೇಲೆ.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಮೊದಲನೇ ಯು.ಎಫ್.ಸಿ. ಪಂದ್ಯಾವಳಿ ನಡೆಯಿತಲ್ಲ, ಅಲ್ಲಿ ಆರ್ಟ್ ಜಿಮ್ಮರ್ಸನ್ ಎಂಬ ವೃತ್ತಿಪರ ಬಾಕ್ಸರ್ ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಕಣಕ್ಕೆ ಇಳಿದ. ಎದುರಾಳಿ ರೋರಿಯನ್ ಅವರ ತಮ್ಮ ರಾಯ್ಸ್ ಗ್ರೇಸಿ. ಬಿಳಿ ಅಂಗಿ ತೊಟ್ಟ ಬಡಕಲು ಹುಡುಗ, ನೋಡಿದರೆ ಕಾಲೇಜಿಗೆ ಹೊರಟವನಂತಿದ್ದ. ರಾಯ್ಸ್ ಅವನನ್ನು ಕೆಡವಿ ಮೌಂಟ್ ಹತ್ತಿ ಕೂತ. ಕೈ ಮುರಿಯಲಿಲ್ಲ, ಕತ್ತು ಅಮುಕಲಿಲ್ಲ. ಆದರೂ ಜಿಮ್ಮರ್ಸನ್ ಕೈತಟ್ಟಿ ಸೋಲೊಪ್ಪಿಕೊಂಡುಬಿಟ್ಟ! ಜನ ನಕ್ಕರು. ನಗುವಂಥದ್ದೇನಿದೆ ಸ್ವಾಮಿ? ಬಾಕ್ಸಿಂಗ್ ರಿಂಗಿನಲ್ಲಿ ಕೆಳಗೆ ಬಿದ್ದವನ ಮೇಲೆ ಯಾರೂ ಹತ್ತಿ ಕೂರೋದಿಲ್ಲ. ಅಲ್ಲಿಂದ ಪಾರಾಗೋ ದಾರಿಯನ್ನು ಆತನಿಗೆ ಹೇಳಿಕೊಟ್ಟವರಾದರೂ ಯಾರು?

ದಾರಿ ಇದೆ. ಹೊಸಬ ಮಾಡೋದು ಏನು ಗೊತ್ತಾ? ಗಾಬರಿಯಿಂದ ಎರಡೂ ಕೈ ಉದ್ದಕ್ಕೆ ಚಾಚಿ ಮೇಲಿನವನ ಎದೆಯನ್ನು ತಳ್ಳುತ್ತಾನೆ. ಮೇಲಿನವನು ಕಾಯ್ತಾ ಇರೋದೇ ಅದಕ್ಕೆ! ಚಾಚಿದ ಕೈ ಹಿಡಿದು, ಪಕ್ಕಕ್ಕೆ ಬಿದ್ದು, ಮೊಣಕೈಯನ್ನು ಹಿಮ್ಮುಖ ಬಗ್ಗಿಸುತ್ತಾನೆ. ಇದೇ ಆರ್ಮ್‌ಬಾರ್. ಆದ್ದರಿಂದ ಮೊದಲ ಪಾಠ: ಮೊಣಕೈ ಪಕ್ಕೆಲುಬಿಗೆ ಅಂಟಿರಲಿ, ಕೈ ಮುಖದ ಹತ್ತಿರ ಇರಲಿ.

ಆಮೇಲೆ ಬರೋದು ‘ಉಪಾ’, ಬ್ರೆಜಿಲ್‌ನವರು ಇಟ್ಟ ಹೆಸರು. ನಾಲ್ಕು ಕಾಲಿನ ಮೇಜನ್ನು ಉರುಳಿಸಬೇಕು ಅಂದ್ಕೊಳ್ಳಿ. ಸುಮ್ಮನೆ ತಳ್ಳಿದರೆ ಅಲುಗೋದಿಲ್ಲ. ಒಂದೇ ಕಡೆಯ ಎರಡು ಕಾಲು ಕಿತ್ತರೆ? ತಾನಾಗೇ ಆ ಕಡೆ ಬೀಳುತ್ತೆ. ಮೇಲೆ ಕೂತವನೂ ಮೇಜೇ. ಅವನ ಒಂದು ಕೈಯನ್ನು ತಬ್ಬಿ ಎದೆಗೆ ಕಟ್ಟಿಕೊಳ್ಳಬೇಕು. ಅದೇ ಕಡೆಯ ಅವನ ಪಾದದ ಹೊರಗೆ ನಮ್ಮ ಪಾದ ಹಾಕಿ ಅಡ್ಡಗಟ್ಟಬೇಕು. ಈಗ ಆ ಕಡೆ ಊರಲು ಅವನಿಗೆ ಕೈಯೂ ಇಲ್ಲ, ಕಾಲೂ ಇಲ್ಲ. ಹಿಮ್ಮಡಿ ಊರಿ ಸೊಂಟವನ್ನು ಆಕಾಶಕ್ಕೆ ಎತ್ತಬೇಕು, ಕಮಾನಿನ ಹಾಗೆ, ತೂಕ ಭುಜದ ಮೇಲೆ ಬರುವಷ್ಟು. ಅದೇ ಕಡೆ ಭುಜದ ಮೇಲಿಂದ ಹೊರಳಬೇಕು. ಧಡ್! ಮೇಲಿದ್ದವನು ಕೆಳಗೆ. ತೋಳಿನ ಬಲದ ಆಟ ಅಲ್ಲ ಇದು. ದೇಹದಲ್ಲೇ ದೊಡ್ಡ ಸ್ನಾಯುಗಳಾದ ತೊಡೆ-ಪಿರ್ರೆ ಕೆಲಸ ಮಾಡುತ್ತವೆ.

ಮೇಲಿನವನು ಜಾಣನಾದರೆ ಕೈ ಕೊಡೋದಿಲ್ಲ, ಅಗಲಕ್ಕೆ ಊರಿಕೊಳ್ಳುತ್ತಾನೆ. ಆಗ ಸೀಗಡಿ! ಹೌದು, ಮೀನಂಗಡಿಯ ಸೀಗಡಿಯೇ. ಪಕ್ಕಕ್ಕೆ ತಿರುಗಿ, ಮೊಣಕೈಯಿಂದ ಅವನ ಮಂಡಿಯನ್ನು ಕೆಳಕ್ಕೆ ತಡೆದು, ಸೊಂಟವನ್ನು ಹಿಂದಕ್ಕೆ ಸೀಗಡಿಯ ಹಾಗೆ ಮಡಚಿ ಜಾರಿಸೋದು. ಆ ಸಂದಿನಲ್ಲಿ ನಮ್ಮ ಮಂಡಿ ನುಗ್ಗಿಸೋದು. ಒಂದು ಮಂಡಿ ಒಳಗೆ ಬಂತೋ, ಇನ್ನೊಂದೂ ಬರುತ್ತೆ. ಈಗ ಅವನು ನಮ್ಮ ಹೊಟ್ಟೆ ಮೇಲಿಲ್ಲ, ನಮ್ಮ ಎರಡು ಕಾಲಿನ ನಡುವೆ ಇದ್ದಾನೆ. ಇದಕ್ಕೆ ಗಾರ್ಡ್ ಅಂತ ಹೆಸರು. ನೋಡುವವರಿಗೆ ಈಗಲೂ ನಾವು ಕೆಳಗೇ ಇದ್ದೇವೆ. ನಿಜದಲ್ಲಿ ಅರ್ಧ ಗೆದ್ದಾಯಿತು! ಗಿಬ್ಸನ್ ಹಾಕಿದ ಆ ತ್ರಿಕೋನ ಹುಟ್ಟೋದು ಸಾಮಾನ್ಯವಾಗಿ ಇದೇ ಗಾರ್ಡಿನಿಂದ.

ಎದುರಾಳಿ ಅಡ್ಡಕ್ಕೆ ಎದೆ ಮೇಲೆ ಒರಗಿ ಒತ್ತಿದಾಗಲೂ ಸೂತ್ರ ಹೆಚ್ಚುಕಡಿಮೆ ಇದೇ. ಒಂದು ಮುಂಗೈ ಮೂಳೆ ಅವನ ಕತ್ತಿಗೆ, ಇನ್ನೊಂದು ಸೊಂಟಕ್ಕೆ ಅಡ್ಡ. ಸ್ವಲ್ಪ ಸೊಂಟ ಎತ್ತಿ ಜಾಗ ಮಾಡಿ, ಅವನ ಕಡೆಗೇ ತಿರುಗಿ, ಸೀಗಡಿ ಹಾಕಿ, ಮಂಡಿ ಒಳಕ್ಕೆ. ಅವನನ್ನು ಎತ್ತಿ ಎಸೆಯೋದಲ್ಲ, ಅವನು ಇದ್ದಲ್ಲೇ ಇರಲಿ, ನಾವು ಜಾರಿಕೊಳ್ಳೋದು.

ಬೆನ್ನು ಹತ್ತಿದ ಬೇತಾಳ

ಇನ್ನೊಂದು ಜಾಗ ಮೌಂಟಿಗಿಂತ ಭಯಂಕರ. ಅವನು ನಿಮ್ಮ ಬೆನ್ನ ಹಿಂದೆ. ಕಾಲುಗಳಿಂದ ಸೊಂಟ ಸುತ್ತಿ, ತೋಳು ಕತ್ತಿನ ಸುತ್ತ. ಅವನ ಕೈ ಏನು ಮಾಡುತ್ತಿದೆ ಅಂತ ನಿಮಗೆ ಕಾಣೋದೂ ಇಲ್ಲ.

ರಾನ್ ವ್ಯಾನ್ ಕ್ಲೀಫ್ ಹೆಸರು ಕೇಳಿದ್ದೀರಾ? 1970ರ ದಶಕದ ‘ಬ್ಲ್ಯಾಕ್ ಡ್ರ್ಯಾಗನ್’ ಕುಂಗ್‌ಫೂ ಚಿತ್ರಗಳ ಹೀರೋ. ಬ್ರೂಸ್ ಲೀ ಅಲೆಯಲ್ಲಿ ಮಿಂಚಿದವರು. ಈ ಮಹಾನುಭಾವರು 1994ರ ಡಿಸೆಂಬರ್ 16ರಂದು ಟಲ್ಸಾ ನಗರದಲ್ಲಿ, ತಮ್ಮ 51ನೇ ವಯಸ್ಸಿನಲ್ಲಿ, ನಾಲ್ಕನೇ ಯು.ಎಫ್.ಸಿ.ಗೆ ಇಳಿದರು. ಎದೆಗಾರಿಕೆಗೆ ಸಲಾಂ ಹೊಡೆಯಲೇಬೇಕು! ಎದುರಿಗೆ ಅದೇ ರಾಯ್ಸ್. ತೆರೆಯ ಮೇಲೆ ಹತ್ತಾರು ಜನರನ್ನು ಒದ್ದು ಬೀಳಿಸಿದ ಹೀರೋ ಇಲ್ಲಿ ನೆಲ ಕಂಡರು, ಹಿಂದಿನಿಂದ ಕತ್ತಿಗೆ ತೋಳು ಬಿತ್ತು, ನಾಲ್ಕು ನಿಮಿಷ ತುಂಬುವ ಮುನ್ನ ಕೈತಟ್ಟಿದರು. ಕೈತಟ್ಟಿದ್ದು ಜಾಣತನ. ಕತ್ತಿನ ಎರಡು ಪಕ್ಕದ ರಕ್ತನಾಳ ಅಮುಕಿದರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತೆ. (ಇದನ್ನು ಓದಿ ಸ್ನೇಹಿತನ ಕತ್ತಿನ ಮೇಲೆ ಪ್ರಯೋಗಕ್ಕೆ ಹೊರಟೀರಿ, ಜೋಕೆ! ಗುರುವಿಲ್ಲದೆ ಕೂಡದು.)

ಈ ಬೇತಾಳನಿಂದ ಪಾರಾಗೋದು ಹೇಗೆ? ಗಲ್ಲ ಎದೆಗೆ ಒತ್ತಿಕೊಂಡರೆ ಸಾಕು ಅಂತ ಕೆಲವರು ಅಂದ್ಕೊಂಡಿದ್ದಾರೆ. ಅದರಿಂದ ಸ್ವಲ್ಪ ಹೊತ್ತು ಸಿಗಬಹುದು, ಅಷ್ಟೇ. ನಿಜವಾದ ಕೆಲಸ ಕೈಗೆ. ಕತ್ತಿಗೆ ಬಂದ ಅವನ ಒಂದು ಕೈಗೆ ನಮ್ಮ ಎರಡು ಕೈ. ಅದನ್ನು ಎಳೆದಿಟ್ಟು, ಮೆಲ್ಲಗೆ ಕೆಳಕ್ಕೆ ಜಾರುತ್ತಾ ನಮ್ಮ ಬೆನ್ನನ್ನು ನೆಲಕ್ಕೆ ತಾಗಿಸಬೇಕು. ಕುಸ್ತಿಯಲ್ಲಿ ಮಾನ ಹೋಗುವ ಚಿತ್ ಇಲ್ಲಿ ಪ್ರಾಣ ಉಳಿಸುತ್ತೆ! ಬೆನ್ನಿಗೆ ನೆಲ ಸಿಕ್ಕಿತು ಅಂದರೆ ಅವನಿಗೆ ಬೆನ್ನು ಸಿಗಲಿಲ್ಲ ಅಂತ ಅರ್ಥ.

ಒಂದು ತಮಾಷೆ ಕೇಳಿ. ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಫೆಡರೇಷನ್ನಿನ ನಿಯಮದಲ್ಲಿ ಮೌಂಟ್ ಹತ್ತಿದವನಿಗೆ 4 ಪಾಯಿಂಟ್, ಬೆನ್ನು ಹಿಡಿದವನಿಗೂ 4. ಅಲ್ಲಿಂದ ಬೆವರು ಸುರಿಸಿ ಪಾರಾಗಿ ಬಂದವನಿಗೆ? ಸೊನ್ನೆ! ಹತ್ತಿದವನಿಗೆ ಬಹುಮಾನ, ಬದುಕಿ ಬಂದವನಿಗೆ ಬರೀ ಉಸಿರು. ನಮಗೆ ಇದು ಅನ್ಯಾಯ ಅನ್ನಿಸುತ್ತೆ.

ಎಲ್ಲ ಸಲವೂ ಪಾರಾಗೋಕೆ ಆಗುತ್ತಾ? ಆಗೋದಿಲ್ಲ. 1951ರ ಅಕ್ಟೋಬರ್ 23, ರಿಯೊ ನಗರದ ಮರಕಾನಾ ಕ್ರೀಡಾಂಗಣ. ಹೀಲಿಯೊ ಗ್ರೇಸಿಗೆ ಎದುರಾಗಿ ಜಪಾನಿನ ಜೂಡೋ ಚಾಂಪಿಯನ್ ಮಸಾಹಿಕೊ ಕಿಮುರಾ. ತೂಕದಲ್ಲೂ ಮೇಲು, ಕಸುವಿನಲ್ಲೂ ಮೇಲು. ಎತ್ತಿ ಎತ್ತಿ ಒಗೆದ. ಹೀಲಿಯೊ ಕೆಳಗೆ ಸಿಕ್ಕಿ ನರಳುತ್ತಾ ಮೊದಲ ಹತ್ತು ನಿಮಿಷದ ಸುತ್ತು ದಾಟಿದರು. ಎರಡನೇ ಸುತ್ತಿನಲ್ಲಿ ಕಿಮುರಾ ತೋಳು ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ತೋಳಿಗೆ ಕೆಟ್ಟ ಪೆಟ್ಟಾಯಿತು, ಆದರೂ ಹೀಲಿಯೊ ಕೈತಟ್ಟಲಿಲ್ಲ! ಕೊನೆಗೆ ಅಣ್ಣ ಕಾರ್ಲೋಸನೇ ಟವೆಲ್ ಎಸೆದು ತಮ್ಮನ ಪರವಾಗಿ ಸೋಲೊಪ್ಪಿಕೊಂಡ. ಆ ಪಟ್ಟನ್ನು ಜಿಯು-ಜಿಟ್ಸುವಿನವರು ಇವತ್ತಿಗೂ ‘ಕಿಮುರಾ’ ಅಂತಲೇ ಕರೀತಾರೆ. ಸೋಲಿಸಿದವನ ಹೆಸರನ್ನು ಪಟ್ಟಿಗೆ ಇಟ್ಟು ಮಕ್ಕಳಿಗೆ ಕಲಿಸಿದ ಮನೆತನ!

ಹದಿನೈದು ನಿಮಿಷ ಕೆಳಗೆ

ಮತ್ತೆ ಟಲ್ಸಾಕ್ಕೆ, ವ್ಯಾನ್ ಕ್ಲೀಫ್ ಸೋತ ಅದೇ ರಾತ್ರಿಗೆ ಬರೋಣ. ಫೈನಲ್. ರಾಯ್ಸ್‌ಗೆ ಎದುರಾಳಿ ಡ್ಯಾನ್ ಸೆವರ್ನ್, ಅಮೆರಿಕದ ಕುಸ್ತಿಪಟು, ದಪ್ಪ ಮೀಸೆಯ ಆಸಾಮಿ. ರಾಯ್ಸ್ 80 ಕಿಲೋ ಆಸುಪಾಸು, ಸೆವರ್ನ್ 110 ಕಿಲೋಗೂ ಮೇಲೆ. ಅದೇ ಸಂಜೆ ಸೆವರ್ನ್ ಆಂಥೊನಿ ಮಸಿಯಾಸ್ ಎಂಬುವನನ್ನು ಹಿಂದಿನಿಂದ ತಬ್ಬಿ ತಲೆ ಮೇಲಿಂದ ಹಿಂದಕ್ಕೆ ಎಸೆದ ರೀತಿ ನೋಡಿದವರು, ಈ ಬ್ರೆಜಿಲ್ ಹುಡುಗನ ಕಥೆ ಇವತ್ತಿಗೆ ಮುಗೀತು ಅಂತಲೇ ಅಂದ್ಕೊಂಡಿರಬೇಕು.

ಮುಗಿದ ಹಾಗೇ ಕಾಣಿಸಿತು ಕೂಡ. ಸೆವರ್ನ್ ಕೆಡವಿದ, ಮೇಲೆ ಬಿದ್ದ, ರಾಯ್ಸ್‌ನನ್ನು ಬಲೆಯ ಗೋಡೆಗೆ ಒತ್ತಿಟ್ಟ. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ... ರಾಯ್ಸ್ ಕೆಳಗೇ! ಏಳುವ ಪ್ರಯತ್ನವೂ ಕಾಣದು. ಆದರೆ ಬಲ್ಲವರ ಕಣ್ಣು ಇದ್ದದ್ದು ಬೇರೆ ಕಡೆ, ಅವನ ಕಾಲುಗಳ ಮೇಲೆ. ಸೆವರ್ನ್ ಮೇಲಿದ್ದಾನೆ ನಿಜ, ಆ ಕಾಲುಗಳನ್ನು ದಾಟಿ ಹೊಟ್ಟೆ ಮೇಲೆ ಕೂರೋಕೆ ಅವನಿಗೆ ಆಗಲೇ ಇಲ್ಲ. ಮೇಲಿನವನ ತೂಕ ಮೇಲಿನವನನ್ನೇ ದಣಿಸುತ್ತಾ ಬಂತು. ಕೆಳಗಿನವನು ಹಿಮ್ಮಡಿಯಿಂದ ಬೆನ್ನಿಗೆ ಆಗೊಂದು ಈಗೊಂದು ಒದೆ ಕೊಡುತ್ತಾ ಕಾಯುತ್ತಿದ್ದ. 15 ನಿಮಿಷ ದಾಟಿತು. ಒಂದು ಕ್ಷಣ ಸೆವರ್ನನ ಒಂದು ತೋಳು ಕಾಲುಗಳ ನಡುವೆ ಉಳಿಯಿತು, ಇನ್ನೊಂದು ಹೊರಗೆ. ರಾಯ್ಸ್‌ನ ಕಾಲು ಕತ್ತಿನ ಮೇಲೆ ಬಿತ್ತು. ಇನ್ನೊಂದು ಕಾಲು ಅದನ್ನು ಬೀಗ ಹಾಕಿತು. ತ್ರಿಕೋನ! 15 ನಿಮಿಷ 49 ಸೆಕೆಂಡಿಗೆ ಆ ಬೆಟ್ಟದಂಥ ಆಳು ಕೈತಟ್ಟಿದ.

ಇದರಲ್ಲೂ ಒಂದು ಎಡವಟ್ಟು ಆಯಿತು. ಕಾಸು ಕೊಟ್ಟು ಟಿವಿಯಲ್ಲಿ ನೋಡುತ್ತಿದ್ದ ಬಹಳ ಮನೆಗಳಲ್ಲಿ ಪ್ರಸಾರಕ್ಕೆ ಗೊತ್ತುಮಾಡಿದ್ದ ಹೊತ್ತು ಅಷ್ಟರಲ್ಲಿ ಮುಗಿದಿತ್ತು. ಕ್ಲೈಮ್ಯಾಕ್ಸ್ ಹೊತ್ತಿಗೆ ಸರಿಯಾಗಿ ಪರದೆ ಖಾಲಿ! ಕೆಳಗೆ ಬಿದ್ದಿದ್ದ ಹುಡುಗ ಏನಾದ ಅಂತ ಗೊತ್ತಾಗದೆ ಜನ ದುಡ್ಡು ವಾಪಸ್ ಕೇಳಿದರು. 1995ರ ಏಪ್ರಿಲ್‌ನಲ್ಲಿ ನಡೆದ ಮುಂದಿನ ಪಂದ್ಯಾವಳಿಗೆ ಸಂಘಟಕರು ಪ್ರತಿ ಫೈಟಿಗೂ ಹೊತ್ತಿನ ಮಿತಿ ಹಾಕಿಬಿಟ್ಟರು.