ಗ್ಲೌಸಿನ ಸಾಕ್ಷ್ಯ ನಂಬಬಹುದೇ?

ಅಂಪೈರ್ ಕೊಟ್ಟ ಬಾಲ್-ಸ್ಟ್ರೈಕ್ ತೀರ್ಪನ್ನು ಕ್ಯಾಮೆರಾದ ಮುಂದೆ ಪ್ರಶ್ನಿಸುವ ಪದ್ಧತಿಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2026ರ ಋತುವಿನಿಂದ ಒಪ್ಪಿಗೆ ಕೊಟ್ಟಿದೆ. ದಕ್ಷಿಣ ಕೊರಿಯಾದ ಲೀಗ್ ಅದಕ್ಕೂ ಮೊದಲು, 2024ರಲ್ಲೇ, ಈ ಕೆಲಸವನ್ನು ಪೂರ್ತಿಯಾಗಿ ಯಂತ್ರಕ್ಕೆ ವಹಿಸಿತ್ತು. ಮಹಿಳೆಯರ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್‌ಗೂ ಇದೇ ಮದ್ದು ಸಾಲದೇ, ಅದರಲ್ಲೂ ಬ್ಯಾಟರ್‌ನ ಮೈಗೆ ಹತ್ತಿರವಾಗಿ ಬರುವ ಇನ್‌ಸೈಡ್ ಎಸೆತಗಳ ಜಗಳಕ್ಕೆ, ಎಂದು ಕೇಳುವವರಿದ್ದಾರೆ. ಸಾಲದು ಎಂಬುದು ನನ್ನ ವಾದ. ಚೆಂಡು ಪ್ಲೇಟನ್ನು ದಾಟುವುದು ಒಂದು ಜಾಗದಲ್ಲಿ, ಕ್ಯಾಚರ್ ಕೈಗೆ ಸಿಗುವುದು ಇನ್ನೊಂದು ಜಾಗದಲ್ಲಿ. ಒಳಕ್ಕೆ ತಿರುಗುವ ಎಸೆತದಲ್ಲಿ ಈ ಎರಡರ ಅಂತರ ತೀರ್ಪನ್ನೇ ಬದಲಿಸುವಷ್ಟು ದೊಡ್ಡದು.

ಮೊದಲು ಅಳತೆಗಳನ್ನು ನೋಡೋಣ. ಹೋಮ್ ಪ್ಲೇಟ್ ಐದು ಮೂಲೆಯ ಬಿಳಿ ಹಲಗೆ. ಪಿಚರ್ ಕಡೆಗಿನ ಅಂಚು 43 ಸೆಂಟಿಮೀಟರ್. ಎರಡೂ ಪಕ್ಕದ ಅಂಚುಗಳು 21.6 ಸೆಂಟಿಮೀಟರ್ ನೇರವಾಗಿ ಸಾಗಿ, ಆಮೇಲೆ ಓರೆಯಾಗಿ ಹಿಂದಿನ ತುದಿಯಲ್ಲಿ ಸೇರುತ್ತವೆ. ಚೆಂಡಿನ ಯಾವುದೇ ಭಾಗ ಈ ಹಲಗೆಯ ಯಾವುದೇ ಭಾಗದ ಮೇಲೆ, ನಿಗದಿಯಾದ ಎತ್ತರದಲ್ಲಿ ಹಾದುಹೋದರೆ ಅದು ಸ್ಟ್ರೈಕ್; ಹಾಗೆ ಹಾಯದ, ಬ್ಯಾಟರ್ ಬ್ಯಾಟ್ ಬೀಸದ ಎಸೆತ ಬಾಲ್. ಸಾಫ್ಟ್‌ಬಾಲ್‌ನ ವ್ಯಾಸ ಸುಮಾರು 9.7 ಸೆಂಟಿಮೀಟರ್. ಹಾಗಾಗಿ ಚೆಂಡಿನ ಬಹುಪಾಲು ಹಲಗೆಯ ಹೊರಗಿದ್ದು ಅಂಚನ್ನು ಕೂದಲೆಳೆಯಷ್ಟು ಸವರಿದರೂ ಪಿಚರ್‌ಗೆ ನ್ಯಾಯ ಸಿಗಬೇಕು. ಬ್ಯಾಟರ್ ನಿಲ್ಲುವ ಚೌಕದ ಗೆರೆ ಪ್ಲೇಟಿನಿಂದ 15 ಸೆಂಟಿಮೀಟರ್ ದೂರದಲ್ಲಷ್ಟೇ ಇರುವುದರಿಂದ ಇಂಥ ಎಸೆತ ಮೈಮೇಲೆ ಬಂದಂತೆಯೇ ಕಾಣುತ್ತದೆ. ಬ್ಯಾಟರ್ ಹಿಂದಕ್ಕೆ ಜಿಗಿದರೆ ನೋಡುವವರಿಗೆಲ್ಲ ಅದು ಹೊರಗಿನ ಎಸೆತವೇ. ಆದರೆ ನಿಯಮಕ್ಕೆ ಬ್ಯಾಟರ್‌ನ ಗಾಬರಿಯ ಲೆಕ್ಕವಿಲ್ಲ: ಸ್ಟ್ರೈಕ್ ವಲಯದೊಳಗಿನ ಚೆಂಡು ಆಕೆಗೆ ತಗುಲಿದರೂ ಅದು ಸ್ಟ್ರೈಕೇ.

ಈಗ ಸ್ಕ್ರೂಬಾಲ್ ಎಂಬ ಎಸೆತಕ್ಕೆ ಬರೋಣ. ಬಲಗೈ ಪಿಚರ್ ಇದನ್ನು ಎಸೆದರೆ, ಚೆಂಡಿನ ಗಿರಕಿಯಿಂದ ಹುಟ್ಟುವ ಮ್ಯಾಗ್ನಸ್ ಬಲ ಅದನ್ನು ಬಲಗೈ ಬ್ಯಾಟರ್‌ನ ಮೈಯತ್ತ ತಳ್ಳುತ್ತದೆ. ಗಂಟೆಗೆ 60 ಮೈಲಿ, ಅಂದರೆ ಸೆಕೆಂಡಿಗೆ ಸುಮಾರು 27 ಮೀಟರ್ ವೇಗ ಎಂದಿಟ್ಟುಕೊಳ್ಳಿ. ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಹೆಜ್ಜೆ ಮುಂದಿಟ್ಟು ಚೆಂಡು ಬಿಡುವುದರಿಂದ ಹಾರಾಟ 11 ಮೀಟರ್ ಚಿಲ್ಲರೆ, ಕಾಲ 0.42 ಸೆಕೆಂಡು. ಇಷ್ಟರಲ್ಲಿ ಚೆಂಡು ಪಕ್ಕಕ್ಕೆ 25 ಸೆಂಟಿಮೀಟರ್ ಸರಿಯಿತು ಎಂದುಕೊಂಡರೆ, ಪ್ಲೇಟಿನ ಮುಂಚೂಣಿ ತಲುಪುವಾಗ ಅದರ ಪಕ್ಕದ ವೇಗ ಸೆಕೆಂಡಿಗೆ ಸುಮಾರು 1.2 ಮೀಟರ್ ಆಗಿರುತ್ತದೆ. ತಿರುವು ದಾರಿಯುದ್ದಕ್ಕೂ ಸಮನಾಗಿ ಹಂಚಿಕೆಯಾಗುವುದಿಲ್ಲ, ಕೊನೆಕೊನೆಗೆ ಹೆಚ್ಚುತ್ತಾ ಹೋಗುತ್ತದೆ ಎಂಬುದೇ ಇಲ್ಲಿನ ಗುಟ್ಟು. ಕ್ಯಾಚರ್‌ನ ಗ್ಲೌಸ್ ಪ್ಲೇಟಿನ ಮುಂಚೂಣಿಯಿಂದ 1.2 ಮೀಟರ್ ಹಿಂದಿದ್ದರೆ, ಅಲ್ಲಿಗೆ ತಲುಪುವಷ್ಟರಲ್ಲಿ ಚೆಂಡು ಇನ್ನೂ ಐದಾರು ಸೆಂಟಿಮೀಟರ್ ಒಳಕ್ಕೆ ಸರಿದಿರುತ್ತದೆ. ಮುಂದಿನ ಮೂಲೆಯನ್ನು ಎರಡು ಸೆಂಟಿಮೀಟರ್ ಸವರಿ ಬಂದ ಶುದ್ಧ ಸ್ಟ್ರೈಕ್, ಗ್ಲೌಸಿಗೆ ಬೀಳುವಾಗ ಪ್ಲೇಟಿನ ಅಂಚಿನ ನೇರದಿಂದ ಮೂರ್ನಾಲ್ಕು ಸೆಂಟಿಮೀಟರ್ ಆಚೆ ಇರುತ್ತದೆ. ಗ್ಲೌಸನ್ನು ಸಾಕ್ಷಿ ಮಾಡಿಕೊಂಡ ಅಂಪೈರ್ ಬಾಲ್ ಎನ್ನುತ್ತಾರೆ, ಪಿಚರ್ ಮುಖ ಸಿಂಡರಿಸುತ್ತಾಳೆ.

ಇದಕ್ಕೆ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಅಂಪೈರ್ ನಿಲ್ಲುವುದು ಕ್ಯಾಚರ್ ಮತ್ತು ಬ್ಯಾಟರ್‌ನ ನಡುವಿನ ಸಂದಿಯಲ್ಲಿ, ಅಂದರೆ ಇನ್‌ಸೈಡ್ ಅಂಚಿನ ಬಳಿಯೇ. ಅವರಿಗೆ ಕಷ್ಟವಾಗಬೇಕಾದ್ದು ದೂರದ ಹೊರ ಅಂಚು. ಹತ್ತಿರದ್ದು ಚೆನ್ನಾಗಿಯೇ ಕಾಣಬೇಕಲ್ಲವೇ? ಕಾಣುವ ಕೋನದ ಮಟ್ಟಿಗೆ ಇದು ನಿಜ. ತೊಡಕಿರುವುದು ಕಾಲದಲ್ಲಿ. ಟೆರ‍್ರಿ ಬೇಹಿಲ್ ಮತ್ತು ಟಾಮ್ ಲಾರಿಟ್ಜ್ ಎಂಬ ಸಂಶೋಧಕರು 1984ರಲ್ಲಿ ಮೀನಿನ ಗಾಳದ ದಾರಕ್ಕೆ ಪ್ಲಾಸ್ಟಿಕ್ ಚೆಂಡು ಪೋಣಿಸಿ, ಮೋಟಾರಿನಿಂದ ಎಳೆಸಿ, ಬ್ಯಾಟರ್‌ಗಳ ಕಣ್ಣಿನ ಚಲನೆಯನ್ನು ಅಳೆದರು. ವೃತ್ತಿಪರ ಆಟಗಾರನ ಕಣ್ಣು ಕೂಡ ಪ್ಲೇಟಿನಿಂದ ಐದೂವರೆ ಅಡಿ ದೂರದವರೆಗಷ್ಟೇ ಚೆಂಡನ್ನು ಹಿಂಬಾಲಿಸಿತು. ಅಂಪೈರ್ ಇರುವುದು ಚೆಂಡಿನ ದಾರಿಯ ಹಿಂದೆಯಾದ್ದರಿಂದ ಅವರ ಕಣ್ಣಿನ ಪಾಡು ಇಷ್ಟು ಕೆಟ್ಟದ್ದಲ್ಲ. ಆದರೂ ಚೆಂಡು ಹಲಗೆಯ ಮೇಲಿರುವುದು ಸೆಕೆಂಡಿನ ನೂರರಲ್ಲಿ ಎರಡು ಭಾಗಕ್ಕಿಂತ ಕಡಿಮೆ; ಗ್ಲೌಸಿನಲ್ಲಿ ಅದು ನಿಂತೇ ಇರುತ್ತದೆ. ನಮ್ಮವರಿಗೆ ಪರಿಚಯವಿರುವ ಎಲ್‌ಬಿಡಬ್ಲ್ಯು ತೀರ್ಪಿಗೆ ಇದು ತಿರುಗುಮುರುಗು. ಕ್ರಿಕೆಟ್ ಅಂಪೈರ್ ಪ್ಯಾಡಿಗೆ ತಗುಲಿದ ಚೆಂಡು ಮುಂದೆ ಎಲ್ಲಿಗೆ ಹೋಗುತ್ತಿತ್ತು ಎಂದು ಊಹಿಸಬೇಕು. ಸಾಫ್ಟ್‌ಬಾಲ್ ಅಂಪೈರ್ ಗ್ಲೌಸಿಗೆ ಬಿದ್ದ ಚೆಂಡು ಎಲ್ಲಿಂದ ಬಂತು ಎಂದು ನೆನಪಿಸಿಕೊಳ್ಳಬೇಕು. ಆ ನೆನಪೂ ಪಕ್ಷಪಾತಿಯೇ. ಚಲಿಸುವ ವಸ್ತು ತಾನಿರುವ ಜಾಗಕ್ಕಿಂತ ತುಸು ಮುಂದೆ ಇರುವಂತೆ ಮಿದುಳು ಗ್ರಹಿಸುತ್ತದೆ ಎಂಬುದಕ್ಕೆ ರೋಮಿ ನಿಜಾವನ್ 1994ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಪ್ರಯೋಗ ಪ್ರಸಿದ್ಧವಾಯಿತು. ಡೇವಿಡ್ ವಿಟ್ನಿ ತಂಡ ವಿಂಬಲ್ಡನ್ ಪಂದ್ಯಗಳ ದೃಶ್ಯಗಳನ್ನು ಜಾಲಾಡಿ 2008ರಲ್ಲಿ ತೋರಿಸಿದ್ದೂ ಇದನ್ನೇ: ಗೆರೆಯೊಳಗೆ ಬಿದ್ದ ಚೆಂಡನ್ನು ಹೊರಗೆ ಎಂದ ತಪ್ಪುಗಳೇ ಬಹುಪಾಲು. ಒಳಕ್ಕೆ ಸರಿಯುವ ಸ್ಕ್ರೂಬಾಲ್ ಇನ್ನಷ್ಟು ಒಳಗಿದ್ದಂತೆ ತೋರುವುದಕ್ಕೂ ಇದೇ ಕಾರಣ ಎಂದು ನಾನು ತರ್ಕಿಸುತ್ತೇನೆ.

ನುರಿತ ಅಂಪೈರ್‌ಗಳು ಅನುಭವದಿಂದ ಇದನ್ನು ತಿದ್ದಿಕೊಳ್ಳುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಸ್ವಲ್ಪ ಮಟ್ಟಿಗೆ ಹೌದು. ಆದರೆ ತಲೆ ಅಲ್ಲಾಡಿಸಬೇಡ, ಚೆಂಡನ್ನು ಗ್ಲೌಸಿನವರೆಗೂ ನೋಡು, ಅವಸರದಲ್ಲಿ ಕೂಗಬೇಡ ಎಂದು ಅವರಿಗೆ ಕೊಡುವ ತರಬೇತಿಯೇ ಗ್ಲೌಸಿಗೆ ಕೊನೆಯ ಮಾತು ಕೊಡುತ್ತದೆ. ಕೈ ಅಲ್ಲಾಡದಂತೆ ಚೆಂಡು ಹಿಡಿಯುವ ಕ್ಯಾಚರ್‌ಗಳಿಗೆ ಹೆಚ್ಚು ಸ್ಟ್ರೈಕ್ ಸಿಗುತ್ತವೆ ಎಂಬುದನ್ನು ಬೇಸ್‌ಬಾಲ್‌ನ ಕ್ಯಾಮೆರಾ ದಾಖಲೆಗಳು ಸ್ಪಷ್ಟವಾಗಿ ತೋರಿಸಿವೆ. ಅದೂ ಅನುಭವಿ ಅಂಪೈರ್‌ಗಳ ಕಣ್ಣೆದುರೇ.

ಹಾಗಿದ್ದರೆ ಯಂತ್ರವೇ ವಾಸಿ ಎನ್ನುವವರ ಉತ್ಸಾಹ ನನಗೆ ಅತಿ ಎನಿಸುತ್ತದೆ. ಮೇಜರ್ ಲೀಗ್‌ನ ಯಂತ್ರ ನಿಯಮದಲ್ಲಿರುವ ಐದು ಮುಖದ ಕಂಬವನ್ನು ಅಳೆಯುವುದೇ ಇಲ್ಲ. ಪ್ಲೇಟಿನ ನಡುಮಧ್ಯೆ ನಿಲ್ಲಿಸಿದ ಒಂದು ಚಪ್ಪಟೆ ಚೌಕಟ್ಟನ್ನು ಚೆಂಡು ಮುಟ್ಟಿತೇ ಎಂದಷ್ಟೇ ನೋಡುತ್ತದೆ. ನಮ್ಮ ಸ್ಕ್ರೂಬಾಲ್ ಮುಂದಿನ ಮೂಲೆಯನ್ನು ಅರ್ಧ ಸೆಂಟಿಮೀಟರ್ ಮಾತ್ರ ಸವರಿದ್ದರೆ, ಆ ಚೌಕಟ್ಟನ್ನು ತಲುಪುವಷ್ಟರಲ್ಲಿ ಅದು ಇನ್ನೊಂದು ಸೆಂಟಿಮೀಟರ್ ಸರಿದು ಹೊರಗೆ ಹೋಗಿರುತ್ತದೆ. ನಿಯಮದ ಪ್ರಕಾರ ಸ್ಟ್ರೈಕ್, ಯಂತ್ರದ ಪ್ರಕಾರ ಬಾಲ್! ಯಂತ್ರ ಬಳಲುವುದಿಲ್ಲ, ಬ್ಯಾಟರ್‌ನ ಜಿಗಿತಕ್ಕೆ ಮರುಳಾಗುವುದಿಲ್ಲ, ಎಲ್ಲರಿಗೂ ಒಂದೇ ಅಳತೆ ಹಿಡಿಯುತ್ತದೆ. ಈ ಗುಣಗಳು ಸಣ್ಣವಲ್ಲ. ಆದರೆ ಆ ಅಳತೆ ಯಾವುದು ಎಂದು ಮೊದಲು ಮನುಷ್ಯರೇ ನಿರ್ಧರಿಸಬೇಕು. ಸಾಫ್ಟ್‌ಬಾಲ್ ಯಂತ್ರವನ್ನು ತರುವುದಾದರೆ ಬೇಸ್‌ಬಾಲ್‌ನ ಚೌಕಟ್ಟನ್ನು ಎರವಲು ಪಡೆಯದೆ, ಪ್ಲೇಟಿನ ಮುಂಚೂಣಿಯಿಂದಲೇ ಅಳೆಯುವ ವ್ಯವಸ್ಥೆಯನ್ನು ತರಬೇಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಪಂದ್ಯಗಳು ಒಕ್ಲಹೋಮ ಸಿಟಿಯಲ್ಲಿ ನಡೆಯಲಿವೆ. ಟಿವಿ ಪರದೆಯ ಮೇಲೆ ಸ್ಟ್ರೈಕ್ ವಲಯದ ಚೌಕ ಕಂಡಾಗ ಅದಕ್ಕೆ ಆಳವಿಲ್ಲ ಎಂಬುದನ್ನು ಗಮನಿಸಿ, ಆಮೇಲೆ ಬೇಕಿದ್ದರೆ ಅಂಪೈರರನ್ನು ಬೈಯಿರಿ.