ಮಕ್ಕಳೊಂದಿಗೆ ಕಡಲಾಚೆಗೆ: ಹೊರಡುವ ಮುನ್ನ ಆಗಬೇಕಾದ ಸಿದ್ಧತೆ

ಕ್ರಿಸ್ತಜಯಂತಿಯ ಬೆನ್ನಿಗೇ ಬರುವ ಪವಿತ್ರ ಕುಟುಂಬದ ಹಬ್ಬದಂದು, ಮೂರು ವರ್ಷಕ್ಕೊಮ್ಮೆ ನಾವು ಆಲಿಸುವ ಶುಭಸಂದೇಶ ಒಂದು ವಲಸೆಯ ಕಥೆ. ಹೆರೋದನ ಕತ್ತಿಯಿಂದ ಮಗುವನ್ನು ಉಳಿಸಲು ಸಂತ ಜೋಸೇಫರು ರಾತ್ರೋರಾತ್ರಿ ಎದ್ದು, ಮಗುವನ್ನೂ ಅದರ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟುಹೋಗುತ್ತಾರೆ. ಸಂತ ಮತ್ತಾಯರು ಈ ಪ್ರಯಾಣವನ್ನು ಕೆಲವೇ ಸಾಲುಗಳಲ್ಲಿ ಮುಗಿಸುತ್ತಾರೆ. ದಾರಿಯಲ್ಲಿ ಮಗು ಅತ್ತಿತೇ, ಹೊಸ ಊರಿನ ನುಡಿ ಮರಿಯಮ್ಮನವರಿಗೆ ತಿಳಿಯಿತೇ, ಬಡಗಿ ಜೋಸೇಫರಿಗೆ ಅಲ್ಲಿ ಕೆಲಸ ಸಿಕ್ಕಿತೇ ಎಂಬುದನ್ನು ಅವರು ಹೇಳುವುದಿಲ್ಲ. 1952ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ವಲಸಿಗರ ಕುರಿತು ಹೊರಡಿಸಿದ ದಾಖಲೆಯಲ್ಲಿ ಈ ಕುಟುಂಬವನ್ನೇ ಎಲ್ಲ ಕಾಲದ ವಲಸೆ ಕುಟುಂಬಗಳಿಗೆ ಮಾದರಿಯಾಗಿ ತೋರಿಸಿದ್ದಾರೆ.

ನಮ್ಮ ಧರ್ಮಕೇಂದ್ರಗಳಿಂದಲೂ ಕುಟುಂಬಗಳು ಹೊರಡುತ್ತಲೇ ಇವೆ. ಹೆಚ್ಚಿನ ಮನೆಗಳಲ್ಲಿ ಮೊದಲು ಅಪ್ಪ ದುಬೈಗೋ ಅಬುಧಾಬಿಗೋ ಹೋಗುತ್ತಾರೆ. ಒಂದೆರಡು ವರ್ಷ ಕಳೆದು, ಸಂಬಳ ಸ್ವಲ್ಪ ಏರಿ, ಬಾಡಿಗೆ ಮನೆ ಸಿಕ್ಕಿದ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಾರೆ. ಜೋಸೇಫರಿಗೆ ಸಿಕ್ಕಿದ್ದು ಒಂದೇ ರಾತ್ರಿ. ನಮಗೆ ನಾಲ್ಕಾರು ತಿಂಗಳಾದರೂ ಇರುತ್ತದೆ. ಆದರೆ ಆ ತಿಂಗಳುಗಳೆಲ್ಲ ಕಾಗದಪತ್ರ, ಟಿಕೆಟ್ಟು, ಪೆಟ್ಟಿಗೆಗಳಿಗೇ ಕಳೆದುಹೋಗಿ, ಮಗುವಿನ ಮನಸ್ಸನ್ನು ಸಿದ್ಧಗೊಳಿಸುವ ಕೆಲಸ ಕೊನೆಯ ವಾರಕ್ಕೆ ಉಳಿಯುತ್ತದೆ. ಎಷ್ಟೋ ಸಲ ಅದು ಆಗುವುದೇ ಇಲ್ಲ. ಇವೆರಡೂ ಒಟ್ಟಿಗೆ ನಡೆಯಬೇಕಾದ ಕೆಲಸಗಳು. ಸಂಯುಕ್ತ ಅರಬ್ ಸಂಸ್ಥಾನಕ್ಕೆ, ಅಂದರೆ ಯುಎಇಗೆ ಹೊರಟಿರುವ ಕುಟುಂಬಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ಮಾತುಗಳನ್ನು ಹೇಳುತ್ತಿದ್ದೇವೆ.

ಕಾಗದಪತ್ರ: ಹೆಸರಿನಿಂದಲೇ ಆರಂಭಿಸಿ

ಮೊದಲು ಮಗುವಿನ ಜನನ ಪ್ರಮಾಣಪತ್ರವನ್ನು ತೆಗೆದು ನೋಡಿ. ಹೆರಿಗೆಯಾದ ಕೂಡಲೇ ಆಸ್ಪತ್ರೆಯವರು ಜನನವನ್ನು ನೋಂದಾಯಿಸುತ್ತಾರೆ. ನಮ್ಮಲ್ಲಿ ಹೆಸರಿಡುವುದು ದೀಕ್ಷಾಸ್ನಾನದ ಹೊತ್ತಿಗೆ. ಹೀಗಾಗಿ ಹಲವು ಮಕ್ಕಳ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿಯೇ ಇರುತ್ತದೆ. ಒಂದು ವರ್ಷದೊಳಗಾದರೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ ಹೆಸರನ್ನು ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಪಡೆಯಲು ಹುಟ್ಟಿದ ದಿನಾಂಕದ ಪುರಾವೆ ಎಂದರೆ ಜನನ ಪ್ರಮಾಣಪತ್ರ ಮಾತ್ರ. ಬೇರೆ ದಾಖಲೆ ನಡೆಯದು.

ಎರಡನೆಯದು, ಹೆಸರು ಎಲ್ಲ ಕಡೆ ಒಂದೇ ಆಗಿರಬೇಕು. ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಅಪ್ಪನ ಪಾಸ್‌ಪೋರ್ಟಿನಲ್ಲಿ ಬೇರೆ ಕಾಗುಣಿತ ಇರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಒಂದೇ ಹೆಸರು, ಜೊತೆಗೊಂದು ಇನಿಷಿಯಲ್ ಇಟ್ಟುಕೊಳ್ಳುವ ರೂಢಿಯೂ ಉಂಟು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಉಪನಾಮದ ಜಾಗ ಖಾಲಿಯಿದ್ದರೆ ಸಂದರ್ಶಕ ವೀಸಾದಲ್ಲಿ ಬರುವವರನ್ನು ಬಿಡುವುದಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಆದ್ದರಿಂದ ಮಗುವಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗಲೇ ಎರಡೂ ಜಾಗಗಳನ್ನು ತುಂಬಿಸಿ. ಹದಿನೈದು ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಬೆಲೆ. ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ಅಪ್ಪ ಹೊರದೇಶದಲ್ಲಿದ್ದರೆ ಅವರ ಒಪ್ಪಿಗೆಯ ಪತ್ರ ಬರಲು ಸಮಯ ಹಿಡಿಯುತ್ತದೆ.

ಮೂರನೆಯದು ದೃಢೀಕರಣ. ಮದುವೆ ಮತ್ತು ಜನನ ಪ್ರಮಾಣಪತ್ರಗಳಿಗೆ ರಾಜ್ಯ ಸರ್ಕಾರ, ಕೇಂದ್ರದ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಈ ಮೂರು ಕಡೆಯ ಮುದ್ರೆ ಬೀಳಬೇಕು. ಅಲ್ಲಿಗೆ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆಯೂ ಬೇಕು. ಒಮಾನ್, ಬಹರೇನ್ ಮತ್ತು 2022ರ ಡಿಸೆಂಬರಿನಿಂದ ಸೌದಿ ಅರೇಬಿಯಾಕ್ಕೆ ಹೋಗುವವರಿಗೆ ‘ಅಪೊಸ್ಟೈಲ್’ ಎಂಬ ಒಂದೇ ಮುದ್ರೆಯ ಸರಳ ವ್ಯವಸ್ಥೆ ಇದೆ. ಚರ್ಚಿನ ವಿವಾಹ ಪತ್ರವಿದ್ದರೆ ಸಾಕೆಂದು ಸುಮ್ಮನಿರಬೇಡಿ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮದುವೆ ನೋಂದಣಿಯಾಗಿದ್ದರೆ ಮುಂದಿನ ದಾರಿ ಸುಲಭ.

ಮಗುವಿಗೆ ಹೇಳುವುದು ಯಾವಾಗ, ಹೇಗೆ?

‘ಮಕ್ಕಳಿಗೇನು ಗೊತ್ತಾಗುತ್ತೆ’ ಎಂದು ದೊಡ್ಡವರು ಅಂದುಕೊಳ್ಳುತ್ತೇವೆ. ಆದರೆ ಮನೆಯಲ್ಲಿ ಪಿಸುಮಾತು ಹೆಚ್ಚಿದ್ದು, ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು ಮಗುವಿಗೆ ಎಲ್ಲರಿಗಿಂತ ಮೊದಲು ಕಾಣಿಸುತ್ತದೆ. ಕಾರಣ ತಿಳಿಯದಿದ್ದಾಗ ಅದು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ. ಮೂರರಿಂದ ಆರು ವರ್ಷದ ಮಕ್ಕಳು ‘ನಾನು ಹಟ ಮಾಡಿದ್ದಕ್ಕೇ ಹೀಗಾಯಿತು’ ಎಂದು ನಂಬಿಬಿಡುವುದುಂಟು. ‘ನಾವು ಹೋದರೆ ತಾತ ಸತ್ತುಹೋಗ್ತಾರಾ? ನಾಯಿಮರಿಗೆ ಊಟ ಯಾರು ಹಾಕ್ತಾರೆ?’ ಇಂಥ ಪ್ರಶ್ನೆಗಳಿಗೆ ನಗಬೇಡಿ. ಒಂದೊಂದಕ್ಕೂ ನೇರವಾಗಿ ಉತ್ತರ ಕೊಡಿ.

ಎರಡು ಮೂರು ವರ್ಷದ ಕೂಸಿಗೆ ‘ಮುಂದಿನ ತಿಂಗಳು’ ಎಂದರೆ ಅರ್ಥವಾಗದು. ಅದಕ್ಕೆ ಹೊರಡುವ ಕೆಲವೇ ದಿನಗಳ ಮುಂಚೆ ಹೇಳಿದರೆ ಸಾಕು. ನಾಲ್ಕೈದು ವರ್ಷದ ಮಗುವಿಗೆ ಒಂದು ತಿಂಗಳು ಮುಂಚೆ ತಿಳಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿಸಿ. ಶಾಲೆಗೆ ಹೋಗುವ ಮಕ್ಕಳಿಗೆ ವೀಸಾ ಖಚಿತವಾದ ಕೂಡಲೇ ಹೇಳುವುದು ಒಳ್ಳೆಯದು. ಪಕ್ಕದ ಮನೆಯವರ ಬಾಯಿಂದ ಅವರಿಗೆ ಸುದ್ದಿ ತಿಳಿಯಬಾರದು.

ಹೇಳುವಾಗ ಎರಡು ಮಾತುಗಳನ್ನು ತಪ್ಪಿಸಿ. ಒಂದು, ಬಣ್ಣ ಕಟ್ಟುವುದು. ‘ಅಲ್ಲಿ ದಿನಾ ಐಸ್‌ಕ್ರೀಮು, ದಿನಾ ಪಾರ್ಕು’ ಎಂದು ಆಸೆ ಹುಟ್ಟಿಸಿದರೆ ಮೊದಲ ವಾರದಲ್ಲೇ ಅದು ಸುಳ್ಳೆಂದು ಗೊತ್ತಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಅಂಗಳ, ಬೀದಿಯಲ್ಲಿ ಆಡಿ ಬೆಳೆದ ಮಗು ನಾಲ್ಕು ಗೋಡೆಯೊಳಗೆ ಇರಬೇಕಾಗುತ್ತದೆ. ಎರಡು, ಹೆದರಿಸುವುದು. ‘ತುಂಟತನ ಮಾಡಿದರೆ ಅಲ್ಲಿ ಪೊಲೀಸರು ಹಿಡ್ಕೊಂಡು ಹೋಗ್ತಾರೆ’ ಎಂಬ ಮಾತು ವಿಮಾನ ನಿಲ್ದಾಣದಲ್ಲಿ ಸಮವಸ್ತ್ರದವರನ್ನು ಕಂಡಾಗ ನಿಮಗೇ ತಿರುಗುಬಾಣವಾದೀತು. ಇದ್ದುದನ್ನು ಇದ್ದ ಹಾಗೆ ಹೇಳಿ: ‘ಅಪ್ಪ ಅಲ್ಲಿದ್ದಾರೆ. ನಾವೆಲ್ಲ ಒಟ್ಟಿಗೆ ಇರಬೇಕು ಅಂತ ಹೋಗ್ತಿದ್ದೇವೆ. ಅಜ್ಜಿ ಇಲ್ಲೇ ಇರ್ತಾರೆ. ರಜೆಗೆ ಬಂದು ನೋಡ್ತೇವೆ.’

ವಿದಾಯ ಹೇಳಲು ಬಿಡಿ

ಮಗು ಮಲಗಿದ್ದಾಗ ಎತ್ತಿಕೊಂಡು ಹೊರಡುವುದು, ‘ಅಂಗಡಿಗೆ ಹೋಗಿ ಬರೋಣ’ ಎಂದು ಕಾರು ಹತ್ತಿಸುವುದು ಹಲವು ಮನೆಗಳಲ್ಲಿ ನಡೆದುಬಂದಿದೆ. ಆ ಹೊತ್ತಿಗೆ ಅಳು ತಪ್ಪುತ್ತದೆ ನಿಜ. ಆದರೆ ಕಣ್ಣು ಮುಚ್ಚಿದರೆ ಊರೇ ಮಾಯವಾಗಬಹುದು ಎಂಬುದನ್ನು ಮಗು ಕಲಿತುಬಿಡುತ್ತದೆ. ಹೊಸ ಮನೆಯಲ್ಲಿ ರಾತ್ರಿ ನಿದ್ದೆಗೆ ಹೆದರುವ, ತಾಯಿಯನ್ನು ಬಚ್ಚಲ ಮನೆಗೂ ಬಿಡದ ಮಕ್ಕಳ ಕಳವಳದ ಹಿಂದೆ ಇಂಥ ವಿದಾಯವಿಲ್ಲದ ಅಗಲಿಕೆಯೂ ಇರಬಹುದು.

ಆದ್ದರಿಂದ ಮಗುವಿನ ಕೈಯಿಂದಲೇ ವಿದಾಯ ಹೇಳಿಸಿ. ಅಂಗನವಾಡಿ ಟೀಚರಿಗೆ, ಹಾಲು ತರುವವರಿಗೆ, ಭಾನುವಾರ ಪಕ್ಕದಲ್ಲಿ ಕೂರುವ ಗೆಳೆಯನಿಗೆ, ಮನೆಯ ಮುಂದಿನ ಮರಕ್ಕೆ. ಆಟಿಕೆಗಳನ್ನು ಕೇಳದೆ ಯಾರಿಗೂ ಕೊಡಬೇಡಿ. ಯಾವುದು ಜೊತೆಗೆ ಬರಬೇಕು, ಯಾವುದು ಯಾರಿಗೆ ಎಂದು ಮಗುವೇ ಆರಿಸಲಿ. ಹರಿದ ಹೊದಿಕೆಯೋ ಕಿವಿ ಕಿತ್ತುಹೋದ ಕರಡಿಯೋ ಆದರೂ ಸರಿ, ಅದಕ್ಕೆ ಪೆಟ್ಟಿಗೆಯಲ್ಲಿ ಜಾಗ ಮಾಡಿ. ಅದನ್ನು ತೊಳೆಯದೆ ಒಯ್ದರೆ ಇನ್ನೂ ಒಳ್ಳೆಯದು. ಆ ವಾಸನೆಯಲ್ಲಿ ಮನೆಯಿದೆ. ಅಜ್ಜಿ ತಾತ ಅತ್ತರೆ ಅಳಲಿ. ‘ಅಜ್ಜಿಗೆ ನಿನ್ನ ಮೇಲೆ ಅಷ್ಟು ಪ್ರೀತಿ’ ಎಂದು ಹೇಳಿದರೆ ಅಳು ಹೆದರಿಕೆಯಾಗಿ ಉಳಿಯುವುದಿಲ್ಲ.

ಅಪ್ಪನ ಪರಿಚಯ

ಎಲ್ಲಕ್ಕಿಂತ ಕಷ್ಟದ ಮಾತು ಇದು. ಅಪ್ಪ ಹೋದಾಗ ಆರು ತಿಂಗಳಿನದಾಗಿದ್ದ ಮಗುವಿಗೆ ಈಗ ಮೂರು ವರ್ಷ. ಅದಕ್ಕೆ ಅಪ್ಪ ಎಂದರೆ ಫೋನಿನೊಳಗಿನ ಮುಖ. ವಿಮಾನ ನಿಲ್ದಾಣದಲ್ಲಿ ಆ ಮುಖ ಕೈಚಾಚಿ ಓಡಿಬಂದಾಗ ಮಗು ತಾಯಿಯ ಹಿಂದೆ ಅಡಗಬಹುದು, ‘ಅಂಕಲ್’ ಎಂದೂ ಕರೆಯಬಹುದು. ಎರಡು ವರ್ಷ ಇದೇ ದಿನಕ್ಕಾಗಿ ದುಡಿದ ತಂದೆಗೆ ಅದಕ್ಕಿಂತ ದೊಡ್ಡ ನೋವು ಇನ್ನೊಂದಿಲ್ಲ. ಆದರೆ ಅದು ತಿರಸ್ಕಾರವಲ್ಲ. ಮಗುವಿಗೆ ಇನ್ನೂ ಗುರುತು ಹತ್ತಿಲ್ಲ, ಅಷ್ಟೇ.

ತಂದೆಯಂದಿರು ಒತ್ತಾಯ ಮಾಡಬಾರದು. ಮೊದಲ ದಿನಗಳಲ್ಲಿ ಗದರುವ, ಶಿಸ್ತು ಕಲಿಸುವ ಕೆಲಸ ತಾಯಿಗೇ ಇರಲಿ. ಊಟ ಮಾಡಿಸುವ, ಸ್ನಾನ ಮಾಡಿಸುವ, ಕಥೆ ಹೇಳುವ ಕೆಲಸಗಳನ್ನು ತಂದೆ ಒಂದೊಂದಾಗಿ ವಹಿಸಿಕೊಳ್ಳಲಿ. ತಾಯಂದಿರು ಅದಕ್ಕೆ ಅವಕಾಶ ಕೊಡಬೇಕು. ಒಬ್ಬಳೇ ಎಲ್ಲ ನಿಭಾಯಿಸಿ ಅಭ್ಯಾಸವಾದ ತಾಯಿಗೆ ಇದು ಸುಲಭವಲ್ಲ. ಹೊರಡುವ ಮೊದಲಿನ ತಿಂಗಳುಗಳಲ್ಲಿ ಅಪ್ಪ ದಿನವೂ ಒಂದೇ ಹೊತ್ತಿಗೆ ಫೋನು ಮಾಡಿ ಒಂದೇ ಹಾಡು ಹಾಡಿದರೆ, ಅಲ್ಲಿ ಹೋದ ಮೇಲೆ ಆ ದನಿಯನ್ನು ಮಗು ಬೇಗ ಗುರುತಿಸುತ್ತದೆ.

ಪೆಟ್ಟಿಗೆಯಲ್ಲಿ ಇರಬೇಕಾದ್ದು, ಇರಬಾರದ್ದು

ಲಸಿಕೆಗಳ ವಿವರವಿರುವ ತಾಯಿ ಕಾರ್ಡನ್ನು ಜೋಪಾನವಾಗಿ ಕೈಚೀಲದಲ್ಲಿಡಿ. ಅಲ್ಲಿನ ಶಾಲೆಯವರೂ ವೈದ್ಯರೂ ಅದನ್ನು ಕೇಳುತ್ತಾರೆ. ಮಗುವಿಗೆ ನಿತ್ಯದ ಔಷಧಿ ಇದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್ಪು ಮತ್ತು ಕೆಲವು ನೋವಿನ ಮಾತ್ರೆಗಳನ್ನು ಮುಂಗಡ ಅನುಮತಿಯಿಲ್ಲದೆ ಯುಎಇಗೆ ಒಯ್ಯುವಂತಿಲ್ಲ. ಮುಖ್ಯವಾಗಿ ಅಜ್ಜಿಯಂದಿರಿಗೆ ಒಂದು ಮಾತು: ಗಸಗಸೆ ಕಟ್ಟಿಕೊಡಬೇಡಿ. ನಮಗೆ ಅದು ಪಾಯಸ, ಮಸಾಲೆ. ಅಲ್ಲಿನ ಕಾನೂನಿನಲ್ಲಿ ಅದು ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ಜೈಲು ಸೇರಿದವರೂ ಇದ್ದಾರೆ. ಮಸಾಲೆಪುಡಿಯಲ್ಲಿ ಬೆರೆತಿದ್ದರೂ ಒಯ್ಯುವುದು ಬೇಡ.

ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆಯ ಹಾರಾಟ. ವಿಮಾನ ಏರುವಾಗ, ಇಳಿಯುವಾಗ ಕೂಸಿಗೆ ಹಾಲು ಕುಡಿಸಿ. ದೊಡ್ಡ ಮಕ್ಕಳಿಗೆ ಪೆಪ್ಪರಮೆಂಟು ಚೀಪಲು ಕೊಡಿ. ನುಂಗುತ್ತಿದ್ದರೆ ಕಿವಿನೋವು ಕಡಿಮೆ.

ಶಾಲೆ ಮತ್ತು ಮನೆಮಾತು

ಅಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಆರಂಭವಾಗುತ್ತವೆ. ನಡುವರ್ಷದಲ್ಲಿ ಹೋದರೆ ಸೀಟು ಸಿಗುವುದು ಕಷ್ಟ. ಇಲ್ಲಿಂದ ಒಯ್ಯುವ ವರ್ಗಾವಣೆ ಪತ್ರಕ್ಕೆ ಯಾರ ಸಹಿ ಬೇಕೆಂದು ಆ ಶಾಲೆಯನ್ನು ಮೊದಲೇ ಕೇಳಿ ತಿಳಿಯಿರಿ. ಅಲ್ಲಿ ಖಾಸಗಿ ಶಾಲೆಗಳಲ್ಲೂ ಅರಬ್ಬೀ ಭಾಷೆ ಕಡ್ಡಾಯ ವಿಷಯ. ಕನ್ನಡ ಮನೆಯಲ್ಲೇ ಉಳಿಯಬೇಕು. ಮಕ್ಕಳ ಕಾಗುಣಿತ ಪುಸ್ತಕ, ಕಥೆ ಪುಸ್ತಕ ಒಯ್ಯಿರಿ. ದುಬೈನಲ್ಲಿ ‘ಕನ್ನಡ ಮಿತ್ರರು’ ಸಂಘಟನೆ ಉಚಿತ ಕನ್ನಡ ಪಾಠಶಾಲೆ ನಡೆಸುತ್ತದೆ.

ಇದು ಬರಿಯ ಅಭಿಮಾನದ ಮಾತಲ್ಲ. ಗಲ್ಫಿನ ಬದುಕು ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದರೆ ಕುಟುಂಬವೂ ಮರಳಬೇಕು. 2020ರಲ್ಲಿ ಕೊರೋನಾ ಬಂದಾಗ ಎಷ್ಟೋ ಮನೆಗಳು ಹೀಗೆ ಮರಳಿದವು. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಯಬೇಕು. ಓದಲು ಬರೆಯಲು ಬಾರದೆ ಐದನೇ ತರಗತಿಗೆ ಬಂದು ಕೂರುವ ಮಗುವಿನ ಕಷ್ಟ ಸಣ್ಣದಲ್ಲ. ಅದಕ್ಕಿಂತ ಹೆಚ್ಚಾಗಿ, ಅಜ್ಜಿಯ ಜೊತೆ ಮಾತಾಡಲು ಮಗುವಿಗೆ ಇರುವುದು ಇದೊಂದೇ ಭಾಷೆ.

ಹೊಸ ಧರ್ಮಕೇಂದ್ರ

ಹೊರಡುವ ಮೊದಲು ಧರ್ಮಕೇಂದ್ರದ ಗುರುಗಳಿಂದ ಮಕ್ಕಳ ದೀಕ್ಷಾಸ್ನಾನದ ಪತ್ರ, ಪ್ರಥಮ ಪರಮಪ್ರಸಾದವಾಗಿದ್ದರೆ ಅದರ ಪತ್ರ, ನಿಮ್ಮ ವಿವಾಹದ ಪತ್ರ ಪಡೆದುಕೊಳ್ಳಿ. ಅಲ್ಲಿ ಧರ್ಮೋಪದೇಶ ತರಗತಿಗೆ ಸೇರಿಸುವಾಗ ಬೇಕಾಗುತ್ತದೆ. ಯುಎಇ ಚರ್ಚುಗಳು ದಕ್ಷಿಣ ಅರೇಬಿಯಾ ವಿಕಾರಿಯೇಟ್‌ಗೆ ಸೇರಿವೆ. ಅದರ ಪ್ರಧಾನಾಲಯ ಅಬುಧಾಬಿಯ ಸಂತ ಜೋಸೇಫರ ದೇವಾಲಯ. ಅಲ್ಲಿ 2022ರ ಜನವರಿಯಿಂದ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿದೆ. ಕುವೈತಿನಲ್ಲಿ ಶುಕ್ರವಾರ, ಶನಿವಾರ ರಜೆ. ಸೌದಿಯಲ್ಲಿ ಚರ್ಚುಗಳೇ ಇಲ್ಲ. ಬಲಿಪೂಜೆ ಇಂಗ್ಲಿಷಿನಲ್ಲೋ ಕೊಂಕಣಿ, ಮಲಯಾಳಂ, ತಮಿಳಿನಲ್ಲೋ ಇರುತ್ತದೆ. ಮಗುವಿಗೆ ಮೊದಲು ಏನೂ ತಿಳಿಯದಿರಬಹುದು. ಹಾಗಾಗಿ ಸಂಜೆಯ ಜಪಸರ ಕನ್ನಡದಲ್ಲೇ, ಇಲ್ಲಿ ಹೇಳುತ್ತಿದ್ದ ಹೊತ್ತಿನಲ್ಲೇ ನಡೆಯಲಿ. ಊರು ಬದಲಾದರೂ ದಿನದಲ್ಲಿ ಒಂದು ಗಳಿಗೆ ಬದಲಾಗಲಿಲ್ಲ ಎಂಬುದೇ ಮಗುವಿಗೆ ದೊಡ್ಡ ಆಸರೆ.

ಉಳಿದವರ ಪಾಲು

ಹೋಗುವವರ ಬಗ್ಗೆ ಇಷ್ಟು ಹೇಳಿದ ಮೇಲೆ, ಮೊಮ್ಮಕ್ಕಳ ಗದ್ದಲವಿಲ್ಲದ ಮನೆಯಲ್ಲಿ ಉಳಿಯುವ ಹಿರಿಯರನ್ನು ಮರೆಯಬಾರದು. ಯುಎಇಯಲ್ಲಿ ವಾಟ್ಸ್ಯಾಪಿನ ಸಂದೇಶ ಬರುತ್ತದೆ, ಕರೆಗೆ ಮಾತ್ರ ನಿರ್ಬಂಧವಿದೆ. ಅಲ್ಲಿ ಅನುಮತಿಯಿರುವ ಬೇರೆ ಆ್ಯಪನ್ನು ಹೊರಡುವ ಮೊದಲೇ ಅಜ್ಜಿಯ ಫೋನಿಗೆ ಹಾಕಿ, ಬಳಸುವುದನ್ನು ಕಲಿಸಿಕೊಡಿ. ನಮ್ಮ ಸಂಜೆ ಏಳೂವರೆ ಎಂದರೆ ಅಲ್ಲಿ ಆರು ಗಂಟೆ ಎಂಬುದನ್ನು ಗೋಡೆಯ ಮೇಲೆ ಬರೆದಿಡಿ.

ಧರ್ಮಕೇಂದ್ರದ ಉಳಿದ ಕುಟುಂಬಗಳಾದ ನಾವು, ಹೊರಟವರನ್ನು ಬೀಳ್ಕೊಡುವ ಭಾನುವಾರ ಮಗುವಿನ ಹೆಸರು ಹಿಡಿದು ಪ್ರಾರ್ಥಿಸೋಣ. ಮುಂದಿನ ಭಾನುವಾರದಿಂದ ಒಬ್ಬಂಟಿಯಾಗಿ ಬರುವ ಆ ಅಜ್ಜಿಯ ಪಕ್ಕದಲ್ಲಿ, ಖಾಲಿಯಾದ ಜಾಗದಲ್ಲಿ, ನಮ್ಮ ಮಕ್ಕಳನ್ನು ಕೂರಿಸೋಣ.