ಫಿಟ್ಸ್ ಮಾತ್ರೆ ಶುರುವಾದ ಮೇಲೆ ಫಿಟ್ಸ್ ಹೆಚ್ಚಾಯಿತೇ?

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿರುವ ಅಪ್ಪ ಅಮ್ಮಂದಿರೇ, ಮನೆಯಲ್ಲಿ ಫಿಟ್ಸ್ ಇರುವ ಮಗು ಇದ್ದರೆ ಇದನ್ನು ಪೂರ್ತಿ ಓದಿ.

ಮಾತ್ರೆ ಶುರುವಾಗಿ ಕೆಲವು ವಾರಗಳಾಗಿವೆ. ಮಗು ಸೆಟೆದು ಬೀಳುವುದು ನಿಂತಿದೆ. ಆದರೆ ಊಟದ ನಡುವೆ ಹತ್ತು ಸೆಕೆಂಡು ಸುಮ್ಮನೆ ದಿಟ್ಟಿಸುತ್ತದೆ, ಕರೆದರೂ ಓಗೊಡುವುದಿಲ್ಲ. ಬೆಳಿಗ್ಗೆ ಎದ್ದಾಗ ಝಟಕಾ ಹೊಡೆದಂತೆ ಕೈ ಅದುರಿ ಹಾಲಿನ ಲೋಟ ಬಿದ್ದುಹೋಗುತ್ತದೆ. ‘ಗಮನ ಎಲ್ಲಿದೆ?’ ಎಂದು ಬೈಯುತ್ತೇವೆ. ಅದೂ ಫಿಟ್ಸ್ ಇರಬಹುದು. ಕೆಲವೊಮ್ಮೆ ಕೊಡುತ್ತಿರುವ ಮಾತ್ರೆಯೇ ಅದನ್ನು ಹೆಚ್ಚಿಸಿರಬಹುದು.

*ಹೀಗೇಕೆ?*

ಫಿಟ್ಸ್‌ನಲ್ಲಿ ಹಲವು ಬಗೆ. ಮೆದುಳಿನ ಒಂದು ಜಾಗದಿಂದ ಶುರುವಾಗುವ ಫಿಟ್ಸ್‌ಗೆ ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್ ಒಳ್ಳೆಯ ಔಷಧಿಗಳು. ಆದರೆ ದಿಟ್ಟಿಸುವ ‘ಆಬ್ಸೆನ್ಸ್’ ಬಗೆಯನ್ನೂ ಕೈ ಅದುರುವ ‘ಮಯೊಕ್ಲೋನಿಕ್’ ಬಗೆಯನ್ನೂ ಇವೇ ಹೆಚ್ಚಿಸಬಲ್ಲವು. ವರ್ಷ ತುಂಬುವ ಮೊದಲೇ ಜ್ವರದೊಂದಿಗೆ ದೀರ್ಘ ಫಿಟ್ಸ್ ಬಂದು ಶುರುವಾಗುವ ಡ್ರಾವೆ ಸಿಂಡ್ರೋಮ್‌ನಲ್ಲಿ ಇವುಗಳ ಜೊತೆ ಲ್ಯಾಮೊಟ್ರಿಜಿನ್ ಕೂಡ ತೊಂದರೆ ಕೊಡಬಹುದು. ಔಷಧಿ ಕೆಟ್ಟದ್ದಲ್ಲ, ಬಗೆಗೆ ಹೊಂದಿಲ್ಲ ಅಷ್ಟೇ.

ವೈದ್ಯರ ಎದುರಿಗೆ ಮಗುವಿಗೆ ಫಿಟ್ಸ್ ಬರುವುದು ಅಪರೂಪ. ಅವರು ನಮ್ಮ ಮಾತಿನ ಮೇಲೇ ಬಹಳಷ್ಟು ನಿರ್ಧರಿಸಬೇಕು. ನಾವೋ ತೆಲುಗು, ಹಿಂದಿಯಲ್ಲಿ ತಡವರಿಸುತ್ತ ‘ಬಿದ್ದ, ನೊರೆ ಬಂತು’ ಎಂದಷ್ಟೇ ಹೇಳಿ ಬರುತ್ತೇವೆ. ಲೋಟ ಬಿದ್ದದ್ದನ್ನು ಹೇಳುವುದೇ ಇಲ್ಲ.

*ನೀವು ಮಾಡಬೇಕಾದದ್ದು*

1. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಅಂದೇ ವೈದ್ಯರಿಗೆ ಫೋನ್ ಮಾಡಿ.

2. ಮೊಬೈಲಿನಲ್ಲಿ ವಿಡಿಯೊ ಮಾಡಿ. ಮುಖ, ಕೈ ಎರಡೂ ಕಾಣಲಿ. ವಿಡಿಯೊಗೆ ಭಾಷೆ ಬೇಕಿಲ್ಲ.

3. ಒಂದು ನೋಟ್‌ಬುಕ್ ಇಡಿ. ದಿನಾಂಕ, ಹೊತ್ತು, ನಿದ್ದೆಗೆಟ್ಟದ್ದು, ತಪ್ಪಿದ ಮಾತ್ರೆ, ಹೊಸ ಔಷಧಿ ಎಲ್ಲ ಬರೆಯಿರಿ.

4. ನಿಲೋಫರ್ ಮಕ್ಕಳ ಆಸ್ಪತ್ರೆಗಾಗಲಿ, ಪಂಜಾಗುಟ್ಟದ ನಿಮ್ಸ್‌ಗಾಗಲಿ, ಖಾಸಗಿ ವೈದ್ಯರಲ್ಲಿಗಾಗಲಿ ಹೋದಾಗ ಕೇಳಿ: ‘ಇದು ಯಾವ ಬಗೆಯ ಫಿಟ್ಸ್? ಇಇಜಿಯಲ್ಲಿ ಏನಿದೆ? ಈ ಮಾತ್ರೆ ಆ ಬಗೆಗೆ ಹೊಂದುತ್ತದೆಯೇ?’ ಹೀಗೆ ಕೇಳಿದರೆ ವೈದ್ಯರನ್ನು ಅನುಮಾನಿಸಿದಂತಲ್ಲ.

*ಮೆಡಿಕಲ್ ಶಾಪಿನಲ್ಲಿ ಎಚ್ಚರ*

ಬೇರೆ ಕಾಯಿಲೆಯ ಔಷಧಿಗಳೂ ಫಿಟ್ಸ್ ಕೆರಳಿಸಬಹುದು. ಮಂಪರು ತರಿಸುವ ನೆಗಡಿ, ಕೆಮ್ಮಿನ ಸಿರಪ್‌ಗಳು, ಭೇದಿಗೆಂದು ಕೊಡುವ ಆಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ನೋವಿನ ಟ್ರಮಡಾಲ್ ಇವುಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಕಾರ್ಬಮಜೆಪಿನ್ ಜೊತೆ ಎರಿತ್ರೊಮೈಸಿನ್ ಅಥವಾ ಕ್ಲಾರಿತ್ರೊಮೈಸಿನ್ ಸೇರಿದರೆ ರಕ್ತದಲ್ಲಿ ಕಾರ್ಬಮಜೆಪಿನ್ ಏರಿ ಮಗು ತೂರಾಡಬಹುದು, ವಾಂತಿ ಮಾಡಬಹುದು. ವ್ಯಾಲ್‌ಪ್ರೊಯೇಟ್ ತೆಗೆದುಕೊಳ್ಳುವ ಮಗುವನ್ನು ಬೇರೆ ಕಾಯಿಲೆಗೆ ಅಡ್ಮಿಟ್ ಮಾಡಿದರೆ ಮೊದಲೇ ತಿಳಿಸಿ. ಮೆರೊಪೆನಮ್ ಇಂಜೆಕ್ಷನ್ ಅದರ ಪ್ರಮಾಣವನ್ನು ಬೇಗ ಇಳಿಸಿಬಿಡುತ್ತದೆ.

ನೆಗಡಿಯಾದರೆ ಬಟ್ಟೆಯಲ್ಲಿ ಕರ್ಪೂರ ಕಟ್ಟಿ ಮೂಸಿಸುವುದು, ನೀಲಗಿರಿ ಎಣ್ಣೆ ಹಾಕಿ ಹಬೆ ಹಿಡಿಸುವುದು ನಮ್ಮ ಮನೆಗಳ ರೂಢಿ. ಫಿಟ್ಸ್ ಇರುವ ಮಗುವಿಗೆ ಇವೆರಡೂ ಬೇಡ. ಕರ್ಪೂರ, ನೀಲಗಿರಿ ಎಣ್ಣೆಗೂ ಫಿಟ್ಸ್‌ಗೂ ಇರುವ ನಂಟನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ದಾಖಲಿಸಿದ್ದಾರೆ.

*ಊರಿಗೆ ಹೊರಟಾಗ*

ಹಬ್ಬ, ಜಾತ್ರೆಗೆ ಹೋಗುವಾಗ ಮರಳಿ ಬರುವವರೆಗೆ ಸಾಲುವಷ್ಟು ಅದೇ ಕಂಪನಿಯ ಮಾತ್ರೆ ಒಯ್ಯಿರಿ. ಔಷಧಿಗಳ ಹೆಸರು, ಪ್ರಮಾಣ ಬರೆದ ಚೀಟಿ ಅಜ್ಜ ಅಜ್ಜಿಯ ಕೈಯಲ್ಲೂ ಒಂದಿರಲಿ. ಫಿಟ್ಸ್ ಬಂದರೆ ಮಗುವನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ತೆಲಂಗಾಣ, ಕರ್ನಾಟಕ ಎರಡರಲ್ಲೂ ಅದೇ ನಂಬರ್.

ನಿಮ್ಮ ಮಗುವನ್ನು ದಿನವಿಡೀ ನೋಡುವವರು ನೀವೇ. ಕಂಡದ್ದು ಎಷ್ಟೇ ಸಣ್ಣದಿರಲಿ, ವೈದ್ಯರಿಗೆ ಹೇಳಿ. ಇಂಥ ಮಗುವಿರುವ ಮನೆ ನಿಮಗೆ ಗೊತ್ತಿದ್ದರೆ ಇದನ್ನು ಅವರಿಗೂ ಕಳಿಸಿ.